ಶೇಡಿ ಮಣ್ಣಿಗೆ ಬೆಲೆ ಬಂದರೆ ಗುಡ್ಡಕ್ಕೆ ಏನು ಗತಿ?

ಮಳೆಗಾಲದಲ್ಲಿ ಮಂಗಳೂರಿನ ಸುತ್ತಮುತ್ತ ಬಸ್ಸಿನ ಕಿಟಕಿ ಬದಿ ಕೂತು ಓಡಾಡುವವರಿಗೆ ಈ ನೋಟ ಹೊಸತಲ್ಲ. ಹೆದ್ದಾರಿ ಅಗಲ ಮಾಡಲೆಂದು ಗೋಡೆಯಂತೆ ನೆಟ್ಟಗೆ ಕಡಿದಿಟ್ಟ ಗುಡ್ಡ. ಮೇಲೆ ಒಂದಾಳು ಎರಡಾಳು ಎತ್ತರ ಕೆಂಪುಕಲ್ಲು. ಅದರ ಅಡಿಯಲ್ಲಿ ಬಿಳಿ, ಹಳದಿ, ಗುಲಾಬಿ ಬಣ್ಣದ ಪಟ್ಟೆ ಪಟ್ಟೆ ಮಣ್ಣು. ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ಆ ಮಣ್ಣು ಗಂಜಿಯ ಹಾಗೆ ಕರಗಿ ರಸ್ತೆಗಿಳಿಯುತ್ತದೆ. ಚರಂಡಿ ಕಟ್ಟುತ್ತದೆ, ಸ್ಕೂಟರಿನವರು ಜಾರುತ್ತಾರೆ, ಬಸ್ಸು ಅರ್ಧ ಗಂಟೆ ತಡವಾಗುತ್ತದೆ. ಡ್ರೈವರಿಗೆ ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ಶೇಡಿ ಮಣ್ಣಿಗೆ, ಅಥವಾ ಅದನ್ನು ಹಾಗೆ ಕಡಿದವರಿಗೆ.

2024ರ ಮಳೆಗಾಲದಲ್ಲಿ ವಾಮಂಜೂರಿನ ಹತ್ತಿರ ಕೆತ್ತಿಕಲ್‌ನಲ್ಲಿ ಗುಡ್ಡ ಜರಿದಾಗ ಈ ಮಣ್ಣಿನ ಗುಣ ಊರಿಗೆಲ್ಲ ಮತ್ತೊಮ್ಮೆ ನೆನಪಾಯ್ತು. ಒಣಗಿದ್ದಾಗ ಪಿಕ್ಕಾಸಿಗೂ ಜಗ್ಗದಷ್ಟು ಗಟ್ಟಿ, ನೆನೆದರೆ ಬಲವೆಲ್ಲ ಹೋಗಿ ಕೆಸರು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಇದರ ಮೇಲೆ ಬಹಳ ಕಾಲದಿಂದ ಅಧ್ಯಯನ ನಡೆಯುತ್ತ ಬಂದಿದೆ. ಸುಣ್ಣ ಬೆರೆಸಿ, ಸಿಮೆಂಟು ಬೆರೆಸಿ, ಬೂದಿ ಬೆರೆಸಿ ಇದನ್ನು ರಸ್ತೆಯಡಿ ನಿಲ್ಲಿಸುವುದು ಹೇಗೆ ಅಂತ ಅಲ್ಲಿಯ ಎಂಜಿನಿಯರುಗಳು ನೋಡಿದ್ದಾರೆ.

ಈಗ ಪ್ರಶ್ನೆ ತಿರುಗಿಕೊಂಡಿದೆ. ಶೇಡಿಗೆ ಸಿಮೆಂಟು ಬೆರೆಸುವ ಬದಲು ಸಿಮೆಂಟಿಗೇ ಶೇಡಿ ಬೆರೆಸಿದರೆ ಹೇಗೆ?

ಕೇಳಿದರೆ ತಮಾಷೆ ಅನ್ನಿಸೀತು. ಸಿಮೆಂಟಿಗೆ ಮಣ್ಣು ಬೆರೆಸುವವನನ್ನು ಊರಿನಲ್ಲಿ ಕಳ್ಳ ಅನ್ನುತ್ತಾರೆ. ಆದರೆ ಇಂಥದ್ದೇ ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ಹೊರಡಿಸಿದೆ. ನಂಬರು ಐಎಸ್ 18189. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಹುಡಿ ಬೆರೆಸಿದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಎಂದು ಅದರ ಹೆಸರು. ಎಂಜಿನಿಯರುಗಳ ಬಾಯಲ್ಲಿ ಎಲ್‌ಸಿ-3. ಇಲ್ಲಿ ‘ಸುಟ್ಟ’ ಎನ್ನುವ ಶಬ್ದವೇ ಎಲ್ಲ. ಹಸಿ ಮಣ್ಣು ಬೆರೆಸಿದರೆ ಅದು ಈಗಲೂ ಕಳ್ಳತನವೇ.

ಸುಟ್ಟ ಮಣ್ಣಿನ ಹಸಿವು

ಮನೆಯ ತಾರಸಿ ಸೋರಿದ ಕಡೆ ಅಡಿಯಲ್ಲಿ ಬಿಳಿ ಕಲೆ ಕಟ್ಟುವುದನ್ನು ನೋಡದವರಿಲ್ಲ. ಕೆಲವು ಹಳೇ ಕಟ್ಟಡಗಳಲ್ಲಿ ಅದು ಮೊಂಬತ್ತಿ ಕರಗಿದ ಹಾಗೆ ಇಳಿಬಿದ್ದಿರುತ್ತದೆ. ಅದು ಸುಣ್ಣ. ಸಿಮೆಂಟಿಗೆ ನೀರು ತಾಗಿದಾಗ ಗಟ್ಟಿಯಾಗುವ ಅಂಟಿನ ಜೊತೆಗೆ ಒಂದಿಷ್ಟು ಸುಣ್ಣವೂ ಹುಟ್ಟುತ್ತದೆ. ಆ ಸುಣ್ಣ ಬಲಕ್ಕೆ ಹೆಚ್ಚೇನೂ ಸಹಾಯ ಮಾಡದೆ ಕಾಂಕ್ರೀಟಿನೊಳಗೆ ಸುಮ್ಮನೆ ಕೂತಿರುತ್ತದೆ. ನೀರು ದಾರಿ ಮಾಡಿಕೊಂಡರೆ ಹೊರಗೆ ಬರುತ್ತದೆ.

ಕೂತಿರುವ ಈ ಸುಣ್ಣಕ್ಕೆ ಕೆಲಸ ಕೊಡುವುದೇ ಸುಟ್ಟ ಮಣ್ಣು. ಜೇಡಿಯಲ್ಲಿ ಕೆಯೋಲಿನ್ ಎಂಬ ಅಂಶ ಇರುತ್ತದೆ. ಅದರ ಹರಳಿನೊಳಗೆ ನೀರು ಬಂಧಿಯಾಗಿರುತ್ತದೆ. ಬಿಸಿಲಿಗೆ ಹಾಕಿದರೆ ಹೋಗುವ ನೀರಲ್ಲ ಅದು, ರಚನೆಯೊಳಗೇ ಸೇರಿಕೊಂಡದ್ದು. 700ರಿಂದ 850 ಡಿಗ್ರಿ ಶಾಖ ಕೊಟ್ಟರೆ ಮಾತ್ರ ಹೊರಡುತ್ತದೆ. ನೂರು ಕಿಲೋ ಶುದ್ಧ ಕೆಯೋಲಿನ್ ಸುಟ್ಟರೆ ಸುಮಾರು 14 ಕಿಲೋ ತೂಕ ಹೀಗೆ ಹಬೆಯಾಗಿ ಹೋಗುತ್ತದೆ. ನೀರು ಹೋದ ಮೇಲೆ ಹರಳಿನ ಕಟ್ಟು ಸಡಿಲಾಗಿ, ಉಳಿದ ಹುಡಿ ಹಸಿದ ಪ್ರಾಣಿಯಂತೆ ಸುಣ್ಣಕ್ಕೆ ಕಾದಿರುತ್ತದೆ. ಸಿಮೆಂಟಿನಲ್ಲಿ ಹುಟ್ಟಿದ ಸುಣ್ಣವನ್ನು ಹಿಡಿದು ಅದನ್ನೇ ಅಂಟು ಮಾಡುತ್ತದೆ. ಜೊತೆಗೆ ಹಸಿ ಸುಣ್ಣದಕಲ್ಲಿನ ಹುಡಿ ಇದ್ದರೆ ಅದರ ಒಂದು ಭಾಗವೂ ಸುಟ್ಟ ಮಣ್ಣಿನ ಅಲ್ಯುಮಿನಾದೊಡನೆ ಕೂಡಿ ಸಂದುಗೊಂದುಗಳನ್ನು ತುಂಬುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದ್ದೇ ಎಲ್‌ಸಿ-3ರ ಗುಟ್ಟು.

ಇದೆಲ್ಲ ಪರದೇಶದಿಂದ ಬಂದ ಹೊಸ ಬುದ್ಧಿ ಅನ್ನುವ ಹಾಗೂ ಇಲ್ಲ. ಸುಟ್ಟ ಇಟ್ಟಿಗೆ ಕುಟ್ಟಿ ಸುಣ್ಣಕ್ಕೆ ಬೆರೆಸಿ ಗಾರೆ ಅರೆಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದೇ ಸುರ್ಕಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ-ಸುರ್ಕಿಯ ಮೇಲೆ. ತುಂಗಭದ್ರಾ ಅಣೆಕಟ್ಟಿನ ಕಲ್ಲುಕಟ್ಟಡಕ್ಕೂ ಸುರ್ಕಿ ಗಾರೆಯೇ. 2024ರ ಆಗಸ್ಟಿನಲ್ಲಿ ಅಲ್ಲಿ ಕೊಚ್ಚಿಹೋದದ್ದು 19ನೇ ಗೇಟು, ಗಾರೆಯಲ್ಲ. ಬ್ರೆಜಿಲ್ ದೇಶದವರು 1960ರ ದಶಕದಲ್ಲಿ ಜುಪಿಯಾ ಎಂಬ ಅಣೆಕಟ್ಟಿನ ಕಾಂಕ್ರೀಟಿಗೆ ಸುಟ್ಟ ಕೆಯೋಲಿನ್ ಹಾಕಿದರು. ಸಿಮೆಂಟಿಗೆ ಸೇರಿಸುವ ಸುಟ್ಟ ಜೇಡಿಗೆಂದೇ ಐಎಸ್ 1344 ಎಂಬ ಹಳೇ ನಿಯಮ ನಮ್ಮಲ್ಲೂ ಉಂಟು. ಸಿಮೆಂಟು ಕಾರ್ಖಾನೆಗಳು ಹೆಚ್ಚಿ, ಮೂಲೆಯಂಗಡಿಯಲ್ಲೂ ಚೀಲ ಸಿಗುವಂತಾದ ಮೇಲೆ ಸುರ್ಕಿ ಅರೆಯುವ ಗಾಣ ಯಾರಿಗೂ ಬೇಡವಾಯ್ತು, ಅಷ್ಟೇ.

ಹೊಸದಾಗಿ ನಡೆದದ್ದು ಲೆಕ್ಕಾಚಾರ. ಸ್ವಿಟ್ಜರ್‌ಲ್ಯಾಂಡಿನ ಲೊಸಾನ್ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವನರ್, ಕ್ಯೂಬಾದ ಫರ್ನಾಂಡೋ ಮಾರ್ಟಿರೆನಾ, ದೆಹಲಿ ಐಐಟಿಯ ಶಶಾಂಕ್ ಬಿಷ್ಣೋಯಿ, ಮದ್ರಾಸ್ ಐಐಟಿಯವರು ಸೇರಿ ಎಷ್ಟು ಮಣ್ಣು, ಎಷ್ಟು ಕಲ್ಲುಹುಡಿ ಹಾಕಿದರೆ ಬಲ ಕಡಿಮೆಯಾಗದು ಎಂದು ಕಂಡುಕೊಂಡರು. ಕ್ಯೂಬಾದಲ್ಲಿ 2013ರಲ್ಲೇ ಕಾರ್ಖಾನೆ ಮಟ್ಟದ ಪ್ರಯೋಗ ಆಯ್ತು. ನಮ್ಮ ದೇಶದಲ್ಲಿ ಝಾನ್ಸಿಯ ಕಡೆ ಒಂದು ಮಾದರಿ ಮನೆ, ದೆಹಲಿಯ ಸ್ವಿಸ್ ರಾಯಭಾರ ಕಚೇರಿಯ ಆವರಣದಲ್ಲಿ ಒಂದು ಕಟ್ಟಡ ಇದೇ ಸಿಮೆಂಟಿನಲ್ಲಿ ಎದ್ದವು. ಕೊಲಂಬಿಯಾದಲ್ಲಿ ಮಣ್ಣು ಸುಡುವ ದೊಡ್ಡ ಘಟಕವೇ ನಡೆಯುತ್ತಿದೆ.

ಒಂದು ಚೀಲದ ಲೆಕ್ಕ

ಅಂಗಡಿಯವರಿಗೆ ಅರ್ಥವಾಗುವ ಲೆಕ್ಕ ಚೀಲದ ಲೆಕ್ಕ. ಕ್ಲಿಂಕರ್ ಅಂದರೆ ಸುಣ್ಣದಕಲ್ಲನ್ನು 1450 ಡಿಗ್ರಿಯಲ್ಲಿ ಸುಟ್ಟು ತೆಗೆದ ಗಟ್ಟಿ ಉಂಡೆ. ಸಿಮೆಂಟಿನ ಜೀವ ಅದು, ಖರ್ಚೂ ಅದರದ್ದೇ. 50 ಕಿಲೋದ ಮಾಮೂಲಿ ಓಪಿಸಿ ಚೀಲದಲ್ಲಿ ಹತ್ತಿರ ಹತ್ತಿರ 47 ಕಿಲೋ ಕ್ಲಿಂಕರೇ. ಈಗ ಮನೆ ಕಟ್ಟುವವರು ಹೆಚ್ಚಾಗಿ ಒಯ್ಯುವ ಪಿಪಿಸಿ ಚೀಲದಲ್ಲಿ ಕಲ್ಲಿದ್ದಲಿನ ಹಾರುಬೂದಿ ನೂರಕ್ಕೆ 15ರಿಂದ 35ರವರೆಗೆ ಇರಬಹುದು. ಎಲ್‌ಸಿ-3 ಚೀಲದಲ್ಲಿ ಕ್ಲಿಂಕರ್ 25 ಕಿಲೋ, ಸುಟ್ಟ ಮಣ್ಣು 15 ಕಿಲೋ, ಸುಣ್ಣದಕಲ್ಲಿನ ಹುಡಿ ಏಳೂವರೆ ಕಿಲೋ, ಜಿಪ್ಸಂ ಎರಡೂವರೆ ಕಿಲೋ. ಅರ್ಧಕ್ಕರ್ಧ ಕ್ಲಿಂಕರ್ ಉಳಿಯಿತು.

ಒಂದು ಟನ್ ಕ್ಲಿಂಕರ್ ತಯಾರಿಸಿದರೆ ಮುಕ್ಕಾಲು ಟನ್ನಿಗೂ ಮೇಲೆ ಇಂಗಾಲದ ಹೊಗೆ ಆಕಾಶಕ್ಕೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿದ್ದಲಿನಿಂದಲ್ಲ, ಸುಣ್ಣದಕಲ್ಲಿನ ಹೊಟ್ಟೆಯಿಂದಲೇ. ಯಾವ ಸೌದೆ ಹಾಕಿದರೂ, ಸೂರ್ಯನ ಬಿಸಿಲಿನಲ್ಲೇ ಸುಟ್ಟರೂ ಅದು ಬಂದೇ ಬರುತ್ತದೆ. ಮಣ್ಣನ್ನು ಸುಟ್ಟರೆ ಅದರೊಳಗಿಂದ ಹೋಗುವುದು ನೀರಿನ ಹಬೆ. ಇದರಿಂದ ಓಪಿಸಿಗೆ ಹೋಲಿಸಿದರೆ ಹೊಗೆ ನೂರಕ್ಕೆ 30ರಿಂದ 40ರಷ್ಟು ಇಳಿಯುತ್ತದೆ ಎಂದು ಲೆಕ್ಕ. ಜಗತ್ತಿನ ಇಂಗಾಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದ್ದು ಎಂದಾಗ ಇದು ಸಣ್ಣ ಮಾತಲ್ಲ.

ಆದರೆ ಹೊಗೆಯ ಲೆಕ್ಕ ಹೇಳಿ ಕರಾವಳಿಯಲ್ಲಿ ಯಾರಿಗೂ ಸಿಮೆಂಟು ಮಾರಲಿಕ್ಕೆ ಆಗುವುದಿಲ್ಲ. ಇಲ್ಲಿಯ ಲಾಭ ಬೇರೆ. ಉಳ್ಳಾಲದಿಂದ ಬೈಂದೂರಿನವರೆಗೆ ಸಮುದ್ರದ ಬದಿಯ ಮನೆಗಳ ಸ್ಲ್ಯಾಬ್ ಕೆಳಗೆ ನಿಂತು ತಲೆಯೆತ್ತಿ ನೋಡಿ. ಸಾರಣೆ ಉದುರಿ, ತುಕ್ಕು ಹಿಡಿದ ಕಬ್ಬಿಣ ಎಲುಬಿನ ಹಾಗೆ ಕಾಣುತ್ತದೆ. ಉಪ್ಪುಗಾಳಿಯಲ್ಲಿರುವ ಕ್ಲೋರೈಡ್ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರದಲ್ಲಿ ನುಗ್ಗಿ ಸರಳನ್ನು ತಿನ್ನುತ್ತದೆ. ಸುಟ್ಟ ಮಣ್ಣಿನ ಸಿಮೆಂಟಿನಲ್ಲಿ ಆ ರಂಧ್ರಗಳು ಬಹಳ ಕಿರಿದಾಗುತ್ತವೆ. ಉಪ್ಪು ಒಳಗೆ ಹೋಗುವುದನ್ನು ತಡೆಯುವುದರಲ್ಲಿ ಇದು ಓಪಿಸಿಗಿಂತ ಎಷ್ಟೋ ಮೇಲು ಎಂದು ಪರೀಕ್ಷೆಗಳೆಲ್ಲ ಹೇಳಿವೆ. ಮೀನುಗಾರರ ಜೆಟ್ಟಿ, ಕಡಲಬದಿಯ ಸೇತುವೆ, ಮನೆ, ಶಾಲೆ, ಎಲ್ಲದಕ್ಕೂ ಬೇಕಾದ ಗುಣ ಇದು.

ಕುಂದೂ ಉಂಟು. ಈ ಸಿಮೆಂಟು ನೀರು ಹೆಚ್ಚು ಕುಡಿಯುತ್ತದೆ, ಕಲಸುವಾಗ ಬಿಗಿ. ನೀರು ಕಡಿಮೆ ಮಾಡುವ ದ್ರಾವಣ ಹಾಕಿ ಸರಿಮಾಡಬೇಕು. ನಮ್ಮ ಮೇಸ್ತ್ರಿಗಳು ಬಿಗಿಯಾದರೆ ಮಾಡುವ ಮೊದಲ ಕೆಲಸ ಇನ್ನೊಂದು ಕೊಡ ನೀರು ಸುರಿಯುವುದು. ಅಲ್ಲಿಗೆ ಬಲವೂ ಹೋಯ್ತು, ಲಾಭವೂ ಹೋಯ್ತು. ಇನ್ನೊಂದು ಮಾತು: ಸುಣ್ಣ ಖರ್ಚಾಗಿರುವುದರಿಂದ ಗಾಳಿಯ ಇಂಗಾಲಾಮ್ಲ ಒಳಗೆ ಇಳಿಯುವುದನ್ನು ತಡೆಯುವ ಶಕ್ತಿ ಇದಕ್ಕೆ ಸ್ವಲ್ಪ ಕಡಿಮೆ. ಹಾಗಾಗಿ ದಿನಾ ನೀರು ಹಾಯಿಸಿ ಕ್ಯೂರಿಂಗ್ ಮಾಡುವುದರಲ್ಲಿ ಸೋಮಾರಿತನ ನಡೆಯುವುದಿಲ್ಲ. ಎರಡು ದಿನ ಗೋಣಿಚೀಲ ಹೊದಿಸಿ ಮೂರನೇ ದಿನ ಬೇರೆ ಸೈಟಿಗೆ ಓಡುವ ಕಂಟ್ರಾಕ್ಟರಿಗೆ ಇದು ಹೇಳಿದ ಸಿಮೆಂಟಲ್ಲ.

ಎಲ್ಲ ಮಣ್ಣೂ ಮಣ್ಣಲ್ಲ

ಸಿಮೆಂಟಿಗೆ ಬೇಕಾದದ್ದು ಪಿಂಗಾಣಿ ಮಾಡುವಂಥ ಬೆಳ್ಳಗಿನ ಚೊಕ್ಕ ಜೇಡಿಯಲ್ಲ. ನೂರರಲ್ಲಿ 40 ಪಾಲು ಕೆಯೋಲಿನ್ ಇದ್ದರೆ ಸಾಕು, ಏಳು ದಿನದ ಹೊತ್ತಿಗೆ ಓಪಿಸಿಯ ಬಲಕ್ಕೆ ಸಮನಾಗುತ್ತದೆ. ಕಬ್ಬಿಣದ ಅಂಶ ಇದ್ದು ಸುಟ್ಟಾಗ ಕೆಂಪಾಗುವ ಮಣ್ಣನ್ನು ಪಿಂಗಾಣಿಯವರು ಬೇಡ ಅನ್ನುತ್ತಾರೆ. ಗುಜರಾತ್, ರಾಜಸ್ಥಾನಗಳ ಜೇಡಿ ಗಣಿಗಳಲ್ಲಿ ಹೀಗೆ ಬೇಡವಾದ ಮಣ್ಣು ರಾಶಿ ಬಿದ್ದಿದೆ. ಈ ವಿದ್ಯೆಯ ಪ್ರಯೋಗಗಳಿಗೆ ಬಳಸಿದ್ದು ಅಂಥದ್ದನ್ನೇ.

ಮಳೆ ಹೆಚ್ಚು ಬೀಳುವ ಕಡೆ ಕಲ್ಲು ಕೊಳೆತು ಆದ ಮಣ್ಣಿನಲ್ಲಿ ಕೆಯೋಲಿನ್ ಇರುವುದು ಸಹಜ. ಕೆಂಪುಕಲ್ಲಿನಡಿಯ ಶೇಡಿಯಲ್ಲಿ ಇರುವ ಮುಖ್ಯ ಜೇಡಿಯೂ ಅದೇ. ಘಟ್ಟದ ಆಚೆಯ ಎರೆಮಣ್ಣಿನ ಜಾತಿ ಬೇರೆ. ನೀರು ಕುಡಿದು ಉಬ್ಬುವ ಅದು ಈ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗೆಂದು ಶೇಡಿಯೆಲ್ಲ ಚಿನ್ನವಲ್ಲ. ಒಂದು ಗುಡ್ಡದಲ್ಲಿ ನುಣ್ಣಗೆ ಬೆಣ್ಣೆಯಂತಿದ್ದರೆ ಮುಂದಿನ ಗುಡ್ಡದಲ್ಲಿ ಅರ್ಧಕ್ಕರ್ಧ ಹೊಯಿಗೆ, ಹೂಳು. ಎಲ್ಲೆಲ್ಲಿ ಎಷ್ಟು ಅಂತ ಅಳೆದು ನೋಡದೆ ಕಾರ್ಖಾನೆಯ ಮಾತೇ ಇಲ್ಲ.

ಇನ್ನು ಹಂಚು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಫಲ್ಗುಣಿಯ ದಡದ ಜೇಡಿ ಊರೂರಿನ ಮಾಡಿಗೆ ಹೋಯ್ತು. ತಾರಸಿ ಬಂದು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಳೇ ಮನೆ ಕೆಡವಿದಲ್ಲೆಲ್ಲ ಒಡಕು ಹಂಚಿನ ರಾಶಿ, ಹೊಂಡ ತುಂಬಿಸಲಿಕ್ಕೆ ಮಾತ್ರ ಗತಿ. ಅದೂ ಸುಟ್ಟ ಜೇಡಿಯೇ ಅಲ್ಲವಾ, ಹುಡಿ ಮಾಡಿದರಾಯ್ತು ಅನ್ನುವವರಿದ್ದಾರೆ. ನುಣ್ಣಗೆ ಅರೆದರೆ ಪ್ರಯೋಜನ ಉಂಟು, ಸುರ್ಕಿಯ ನೆಂಟನೇ ಅದು. ಆದರೆ ಶಾಖ 900 ಡಿಗ್ರಿ ದಾಟಿ ಮೇಲೇರಿದಷ್ಟೂ ಮಣ್ಣಿನ ಆ ಹಸಿವು ಸಾಯುತ್ತ ಹೋಗುತ್ತದೆ, ಹೊಸ ಗಟ್ಟಿ ಹರಳು ಕಟ್ಟುತ್ತದೆ. ಮಳೆಗೆ ಸೋರದ ಹಾಗೆ ಚೆನ್ನಾಗಿ ಬೆಂದ ಹಂಚು ಸಿಮೆಂಟಿಗೆ ಮಂದ. ಹಂಚಿನವರಿಗೆ ಒಳ್ಳೆಯದಾದದ್ದು ಸಿಮೆಂಟಿನವರಿಗೆ ಒಳ್ಳೆಯದಲ್ಲ. ಮುಚ್ಚಿದ ಹಂಚಿನ ಗೂಡುಗಳಲ್ಲೇ ಶೇಡಿ ಸುಡಬಹುದಲ್ಲ ಎಂಬ ಯೋಚನೆಗೂ ಇದೇ ತೊಡಕು: ಉಂಡೆಯ ಹೊರಗೆ ಅತಿಯಾಗಿ ಬೆಂದು, ಒಳಗೆ ಹಸಿ ಉಳಿಯುವ ಭಯ. ಅದಕ್ಕೆ ತಿರುಗುವ ಗೂಡು, ಶಾಖ ಅಳೆಯುವ ಯಂತ್ರ ಬೇಕು.

ಕಂಪನಿಯವರು ಯಾಕೆ ಓಡೋಡಿ ಬರುವುದಿಲ್ಲ?

ಹಾರುಬೂದಿ ಇರುವುದರಿಂದ. ಪಡುಬಿದ್ರಿ ಹತ್ತಿರದ ಎಲ್ಲೂರಿನಲ್ಲಿ 1200 ಮೆಗಾವಾಟಿನ ಸ್ಥಾವರ ಉಂಟು, ರಾಯಚೂರು, ಬಳ್ಳಾರಿಯಲ್ಲಿ ಇನ್ನಷ್ಟು. ಬಳ್ಳಾರಿ ಕಡೆಯಲ್ಲಿ ಉಕ್ಕಿನ ಕಿಟ್ಟವೂ ಸಿಗುತ್ತದೆ. ಬೂದಿಯನ್ನು ಸುಡಬೇಕಾಗಿಲ್ಲ, ಅದು ಆಗಲೇ ಸುಟ್ಟದ್ದು. ಮಣ್ಣಿಗೆ ಸೌದೆಯ ಖರ್ಚು ಕೊಡಬೇಕು. ಬೂದಿ ಪಕ್ಕದಲ್ಲೇ ಇರುವ ತನಕ ಮಣ್ಣು ಸುಡುವ ಗೂಡಿಗೆ ಕೋಟಿಗಟ್ಟಲೆ ಹಾಕಲು ಯಾವ ಸೇಠೂ ಮುಂದೆ ಬರಲಾರ. ವ್ಯಾಪಾರ ಅಂದರೆ ವ್ಯಾಪಾರವೇ. ಆದರೆ ಹಾರುಬೂದಿ ಇರುವುದು ಕಲ್ಲಿದ್ದಲು ಉರಿಯುವ ತನಕ. ಸೂರ್ಯ, ಗಾಳಿಯ ವಿದ್ಯುತ್ತು ಹೆಚ್ಚಿದಂತೆ ಬೂದಿಯ ಭವಿಷ್ಯ ಹೇಳಲಿಕ್ಕಾಗದು. ಕರಾವಳಿಗೆ ಬರುವ ಸಿಮೆಂಟಿನಲ್ಲಿ ಬಹಳಷ್ಟು ಕಲಬುರಗಿ ಕಡೆಯ ಸುಣ್ಣದಕಲ್ಲಿನದ್ದು, ಘಟ್ಟ ಇಳಿದೇ ಬರಬೇಕು. ಚೀಲದ ಮೂರನೇ ಒಂದು ಪಾಲು ಇಲ್ಲೇ ಸಿಕ್ಕಿದರೆ ಲಾರಿ ಬಾಡಿಗೆಯ ಲೆಕ್ಕ ಬೇರೆಯಾದೀತು.

ಅಂಗಡಿ ಮಟ್ಟದ ಕಷ್ಟ ಇನ್ನೊಂದು. ಕೆಂಪು ಮಣ್ಣು ಸುಟ್ಟು ಹಾಕಿದರೆ ಸಿಮೆಂಟಿಗೆ ತಿಳಿಗೆಂಪು ಬಣ್ಣ ಬರುತ್ತದೆ. ಸಿಮೆಂಟು ಅಂದರೆ ಬೂದಿಬಣ್ಣ ಎಂದು ನಂಬಿದ ಗಿರಾಕಿ ಚೀಲ ಬಿಚ್ಚಿದ ಕೂಡಲೇ, “ಎಂತ ಧನಿಗಳೇ ಇದು, ಇಟ್ಟಿಗೆ ಹುಡಿ ಕೊಟ್ರಾ?” ಅಂತ ವಾಪಸು ತಂದು ಇಡುವುದು ಖಂಡಿತ. ತಣಿಸುವ ಹಂತದಲ್ಲಿ ಗಾಳಿ ನಿಯಂತ್ರಿಸಿ ಬೂದಿಬಣ್ಣವನ್ನೇ ತರುವ ಉಪಾಯ ಕಾರ್ಖಾನೆಗಳಿಗೆ ಗೊತ್ತಿದೆ. ಬಣ್ಣಕ್ಕೂ ಬಲಕ್ಕೂ ಸಂಬಂಧವಿಲ್ಲ ಎಂದು ಗಿರಾಕಿಗೆ ಹೇಳುವುದಕ್ಕಿಂತ ಬಣ್ಣ ಬದಲಿಸುವುದೇ ಸುಲಭ ಎಂದು ಅವರಿಗೂ ಅನ್ನಿಸಿರಬೇಕು!

ಗಿರಾಕಿಯ ಸಂಶಯವನ್ನು ನಕ್ಕು ತಳ್ಳುವ ಹಾಗಿಲ್ಲ. ‘ಮಣ್ಣು ಬೆರೆಸುವುದು ಈಗ ಕಾನೂನಿನಲ್ಲೇ ಉಂಟು’ ಎಂಬ ಅರೆಬರೆ ಸುದ್ದಿ ಹಬ್ಬಿದರೆ ಹಸಿ ಶೇಡಿ ಒಣಗಿಸಿ ಜರಡಿ ಹಿಡಿದು ಬೆರೆಸುವವರೂ ಹುಟ್ಟಬಹುದು. ಹಸಿ ಜೇಡಿ ಕಾಂಕ್ರೀಟಿಗೆ ವಿಷ. ನೀರು ಹೀರುತ್ತದೆ, ಜಲ್ಲಿಗೆ ಅಂಟು ಹಿಡಿಯಲು ಬಿಡುವುದಿಲ್ಲ. ಹೊಯಿಗೆಯಲ್ಲಿ ಮಣ್ಣು ಇದ್ದರೆ ಹಳೇ ಮೇಸ್ತ್ರಿಗಳು ಅಂಗೈಯಲ್ಲಿ ಉಜ್ಜಿ ನೋಡಿ ಬೇಡ ಅನ್ನುತ್ತಿದ್ದದ್ದು ಅದಕ್ಕೇ. ಬೆಂದ ಹುಡಿ, ಬೇಯದ ಹುಡಿ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಸುಣ್ಣದ ಜೊತೆ ಕಲಸಿ ಅಚ್ಚು ಹಾಕಿ ಒಡೆದು ನೋಡುವ ಪ್ರಯೋಗಶಾಲೆಯ ಪರೀಕ್ಷೆಗೆ ಮಾತ್ರ ವ್ಯತ್ಯಾಸ ತಿಳಿಯುವುದು.

ಕಸಕ್ಕೆ ಬೆಲೆ ಬಂದಾಗ

ಎಲ್ಲಕ್ಕಿಂತ ದೊಡ್ಡ ಚಿಂತೆ ಗುಡ್ಡದ್ದು. ಈಗ ಶೇಡಿ ಅಂದರೆ ಕಸ. ಅಪಾರ್ಟ್‌ಮೆಂಟಿನ ತಳಮಹಡಿಗೆಂದು ತೋಡಿದ್ದು, ಹೆದ್ದಾರಿಗೆಂದು ಕಡಿದದ್ದು, ಕೆಂಪುಕಲ್ಲಿನ ಕೋರೆಯ ತಳದಲ್ಲಿ ಉಳಿದದ್ದು, ಎಲ್ಲ ಲಾರಿಯಲ್ಲಿ ಹೋಗಿ ತಗ್ಗುಗದ್ದೆಗೆ, ತೋಡಿನ ಬದಿಗೆ ಬೀಳುತ್ತದೆ. ಮಳೆ ಬಂದರೆ ಅಲ್ಲಿಂದ ಹೊಳೆಗೆ. ಇದನ್ನೇ ಸುಟ್ಟು ಸಿಮೆಂಟಿಗೆ ಹಾಕಿದರೆ ಗದ್ದೆಯೂ ಉಳಿಯಿತು, ತೋಡೂ ಉಳಿಯಿತು.

ಆದರೆ ಕಸಕ್ಕೆ ಬೆಲೆ ಬಂದ ಮರುದಿನ ಅದು ಕಸವಾಗಿ ಉಳಿಯುವುದಿಲ್ಲ. ಹಂಚಿನ ಕಾಲದಲ್ಲಿ ಜೇಡಿಗೆಂದು ಗದ್ದೆಗಳನ್ನೇ ಅಗೆದು ಹೊಂಡ ಬಿಟ್ಟುಹೋದದ್ದನ್ನು ಹೊಳೆಬದಿಯ ಊರಿನವರು ಕಂಡಿದ್ದಾರೆ. ಕಲ್ಲು ತೆಗೆದು ಮುಗಿದ ಕೋರೆಗಳಲ್ಲಿ ಮಳೆನೀರು ನಿಂತು ಆಗುವ ಅನಾಹುತ ಬೇರೆ. 2025ರಲ್ಲಿ ಕೆಂಪುಕಲ್ಲು, ಮರಳಿನ ಪರವಾನಿಗೆಯ ತಕರಾರಿನಲ್ಲಿ ಜಿಲ್ಲೆಯ ಕಟ್ಟಡ ಕೆಲಸವೇ ಕುಂಟುವಂತಾಗಿ, ಕೂಲಿಯವರು ಬೀದಿಗಿಳಿಯಬೇಕಾಯ್ತು. ಕಲ್ಲಿನ ಹೆಸರಿನಲ್ಲಿ ಇಷ್ಟೆಲ್ಲ ನಡೆಯುವಾಗ, ಕಲ್ಲಿನಡಿಯ ಮಣ್ಣಿಗೂ ಟನ್ನಿಗೆ ಇಷ್ಟು ಅಂತ ರೇಟು ಬಂದರೆ ಕೋರೆಯವರು ಕಲ್ಲು ಮುಗಿದ ಕಡೆ ನಿಲ್ಲುತ್ತಾರೆಯೇ? ಇನ್ನೂ ಮೂವತ್ತು ಅಡಿ ಕೆಳಗೆ ಹೋಗುತ್ತಾರೆ. ಶೇಡಿ ಇರುವುದೇ ಗುಡ್ಡದ ಕಾಲಿನಲ್ಲಿ. ಕಾಲು ತೆಗೆದರೆ ಮೇಲಿನದ್ದು ರಸ್ತೆಗೆ ಬರುತ್ತದೆ, ರಸ್ತೆಯಲ್ಲಿ ಬಸ್ಸು ಇರುತ್ತದೆ.

ಐಎಸ್ 18189 ಸಿಮೆಂಟಿನ ಗುಣ ನೋಡುತ್ತದೆ. ಮಣ್ಣು ಯಾವ ಗುಡ್ಡದಿಂದ ಬಂತು ಎಂದು ನೋಡುವುದು ಅದರ ಕೆಲಸವಲ್ಲ. ಅದು ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಹಾನಗರಪಾಲಿಕೆ, ಪಂಚಾಯತುಗಳ ಕೆಲಸ. ಆಗಲೇ ತೋಡಿ ಹಾಕಿದ ಮಣ್ಣಿಗೆ ಮಾತ್ರ ಅವಕಾಶ, ಹೊಸದಾಗಿ ಅಗೆಯಲು ಇಲ್ಲ ಎಂಬ ಗೆರೆಯನ್ನು ಕಾರ್ಖಾನೆ ಬರುವ ಮೊದಲೇ ಎಳೆಯಬೇಕು. ಬಂದ ಮೇಲೆ ಎಳೆದ ಗೆರೆ ಲಾರಿ ಚಕ್ರದಡಿ ಅಳಿಸಿಹೋಗುತ್ತದೆ. ಕಟ್ಟಡದ ಪರವಾನಿಗೆ ಕೊಡುವಾಗಲೇ ತಳಮಹಡಿಯಿಂದ ಎಷ್ಟು ಲೋಡು ಮಣ್ಣು ಎದ್ದೀತು, ಎಲ್ಲಿಗೆ ಹೋದೀತು ಎಂದು ಬರೆಸಿಕೊಂಡರೆ ಅರ್ಧ ಲೆಕ್ಕ ಅಲ್ಲೇ ಸಿಗುತ್ತದೆ. ಸುರಿದ ರಾಶಿಗಳಿಂದ ನಾಲ್ಕು ನಾಲ್ಕು ಕಿಲೋ ತೆಗೆದು ಕೆಯೋಲಿನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸುವುದಕ್ಕೆ ಕೋಟಿ ಬೇಡ, ಪ್ರಯೋಗಶಾಲೆ ಸುರತ್ಕಲ್ಲಿನಲ್ಲೇ ಉಂಟು. 40 ಪಾಲು ದಾಟುವ ರಾಶಿ ಎಷ್ಟು ಎಂದು ಗೊತ್ತಾದರೆ ಈ ಮಾತನ್ನು ಮುಂದುವರಿಸಬೇಕೋ ಇಲ್ಲಿಗೇ ಬಿಡಬೇಕೋ ತೀರ್ಮಾನ ಆಗುತ್ತದೆ.

ಸದ್ಯಕ್ಕೆ ಮನೆ ಕಟ್ಟುವವರು ಮಾಡಬಹುದಾದದ್ದು ಚೀಲ ತಿರುಗಿಸಿ ನಂಬರು ಓದುವುದು. 1489 ಒಂದನೇ ಭಾಗ ಎಂದಿದ್ದರೆ ಹಾರುಬೂದಿಯ ಸಿಮೆಂಟು, 455 ಎಂದಿದ್ದರೆ ಉಕ್ಕಿನ ಕಿಟ್ಟದ್ದು. 18189 ಎಂಬ ನಂಬರು ಎಂದಾದರೂ ಕಂಡರೆ ಅದು ಸುಟ್ಟ ಮಣ್ಣಿನದ್ದು, ಬಣ್ಣ ನೋಡಿ ಹೆದರಬೇಕಾಗಿಲ್ಲ. ನಂಬರೂ ಇಲ್ಲದೆ ಐಎಸ್‌ಐ ಗುರುತೂ ಇಲ್ಲದೆ ‘ಹೊಸ ನಮೂನೆ, ರೇಟು ಕಡಿಮೆ’ ಎಂದು ಯಾರಾದರೂ ಕೆಂಪು ಹುಡಿ ತೋರಿಸಿದರೆ ಚೀಲ ಅವರ ಅಂಗಡಿಯಲ್ಲೇ ಇರಲಿ.